ದಾಸನಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ತೆರೆಯದ ವೆಬ್‌ಸೈಟ್ ನಮಗ್ಯಾಕೆ?

ಹೋದ ವರ್ಷ, ಮಳೆ ಹಿಡಿಯುವ ಮುಂಚಿನ ವಾರ. ದಾಸನಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಾವು ಮೂವರು ಶಿರಸಿ ಬಸ್ಸಿಗೆ ಕಾಯುತ್ತಿದ್ದೆವು. ಹುಬ್ಬಳ್ಳಿಯ ಪರಿಚಯದ ಹೋಟೆಲಿನವರೊಬ್ಬರ ಫೋನ್ ಬಂತು. ಜ್ಯೂಸಿಗೆ ಅನಾನಸ್ ಬೇಕಿತ್ತು, ಮಧ್ಯದವರು ಬೇಡ, ತೋಟದಿಂದಲೇ ಎತ್ತುತ್ತೇವೆ, ಯಾರಾದರೂ ಇದ್ದರೆ ಹೇಳಿ ಎಂದರು.

ನಮಗೆ ಖುಷಿಯಾಯಿತು. ಪಕ್ಕದ ಊರಿನ ಏಳೆಂಟು ಬೆಳೆಗಾರರು ಸೇರಿ ಒಂದು ಗುಂಪು ಮಾಡಿಕೊಂಡಿದ್ದರು. ತಲಾ ಇಷ್ಟೆಂದು ದುಡ್ಡು ಹಾಕಿ ವೆಬ್‌ಸೈಟನ್ನೂ ಮಾಡಿಸಿದ್ದರು. ನಮ್ಮಲ್ಲಿ ಯಾರ ಹತ್ತಿರವೂ ಅವರ ನಂಬರ್ ಇರಲಿಲ್ಲ, ಆದರೆ ಆ ವೆಬ್‌ಸೈಟಿನ ಲಿಂಕ್ ವಾಟ್ಸ್‌ಆಪ್‌ನಲ್ಲಿತ್ತು. ಅದನ್ನೇ ಕಳಿಸಿದೆವು.

ಐದು ನಿಮಿಷಕ್ಕೆ ಅವರದ್ದೇ ಫೋನ್. ‘ಏನ್ರೀ ಸರ, ನೀವು ಕಳ್ಸಿದ್ದು ಬರೇ ಗಿರಗಿರ ತಿರಗಾಕತ್ತೈತಿ. ನಂಬರ್ ಎಲ್ಲೈತ್ರೀ ಅದ್ರಾಗ?’

ನಾವೂ ತೆರೆದು ನೋಡಿದೆವು. ಬಿಳಿ ಪರದೆ, ನಡುವೆ ತಿರುಗುವ ಉಂಗುರ. ಬಹಳ ಹೊತ್ತಿನ ಮೇಲೆ ಒಂದು ಫೋಟೋ ಅರ್ಧ ಇಳಿಯಿತು. ಅಷ್ಟರಲ್ಲಿ ಬಸ್ಸು ಬಂತು, ಬಸ್ಸು ಹೊರಟ ಮೇಲೆ ರೇಂಜೂ ಹೋಯಿತು. ಮರುದಿನ ಆ ಊರಿಗೆ ಹೋಗಿ ನಂಬರ್ ತಂದು ಹುಬ್ಬಳ್ಳಿಗೆ ಕೊಡುವಷ್ಟರಲ್ಲಿ ಅವರು ಬೇರೆ ಕಡೆ ಹಣ್ಣು ತೆಗೆದುಕೊಂಡಿದ್ದರು. ಇಲ್ಲಿಯ ಹಣ್ಣು ಎಂದಿನಂತೆ ವ್ಯಾಪಾರಿ ಹೇಳಿದ ರೇಟಿಗೆ ಲಾರಿ ಹತ್ತಿತು. ಗುಂಪಿನ ಹಿರಿಯರೊಬ್ಬರು ಹೇಳಿದ್ದು ಇಷ್ಟೇ: ‘ಹಣ್ಣು ಕಾಯ್ತದ್ಯಾ ಮಾರಾಯ್ರೇ?’

ಈ ಬರಹ ಆ ಮಾತಿನಿಂದ ಹುಟ್ಟಿದ್ದು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಳ್ಳಿಯ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಸುವುದಾದರೆ ಅದು ಕಡಿಮೆ ಬೆಲೆಯ ಫೋನಿನಲ್ಲಿ, ಅರೆಬರೆ ರೇಂಜಿನಲ್ಲಿ, ಬಸ್ಸಿಗೆ ಕಾಯುವವನ ಕೈಯಲ್ಲಿ ತಕ್ಷಣ ತೆರೆಯಬೇಕು. ಕಣ್ಣು ಕಾಣದವರಿಗೂ ಅದರ ವಿಷಯ ಕಿವಿಗೆ ಬೀಳಬೇಕು. ಒಂದು ಒತ್ತಿಗೆ ಫೋನ್ ಹೋಗಬೇಕು. ಈ ಮೂರು ಇಲ್ಲದ ವೆಬ್‌ಸೈಟಿಗೆ ಒಂದು ರೂಪಾಯಿಯನ್ನೂ ಕೊಡಬಾರದು.

ತೂಕ ಎಲ್ಲಿಂದ ಬಂತು?

ಆ ವೆಬ್‌ಸೈಟನ್ನು ನಾವು ಆಮೇಲೆ ಕಂಪ್ಯೂಟರಿನಲ್ಲಿ ತೂಗಿ ನೋಡಿದೆವು. ಮೊದಲ ಪುಟವೇ 14 ಎಂಬಿ. ಒಂದರ ಹಿಂದೆ ಒಂದು ಜಾರುವ ಆರು ದೊಡ್ಡ ಫೋಟೋಗಳು, ತಾನಾಗಿ ಓಡುವ ಒಂದು ವಿಡಿಯೋ, ಅಲಂಕಾರದ ನಾಲ್ಕು ಫಾಂಟುಗಳು. ಅನಾನಸ್ ಬೆಲೆ, ಬೆಳೆಗಾರರ ಊರು, ಫೋನ್ ನಂಬರ್ ಎಲ್ಲ ಕೆಳಗೆ ಎಲ್ಲೋ ಒಂದು ಬ್ಯಾನರ್ ಚಿತ್ರದೊಳಗೆ ಇದ್ದವು. ಒತ್ತಿದರೆ ಫೋನ್ ಹೋಗುವುದಿಲ್ಲ, ಕಾಪಿ ಮಾಡಲೂ ಬರುವುದಿಲ್ಲ.

ಲೆಕ್ಕ ಸುಲಭ. 1 ಎಂಬಿ ಅಂದರೆ 8 ಮೆಗಾಬಿಟ್. ನಮ್ಮ ಫೋನಿಗೆ ಸೆಕೆಂಡಿಗೆ 1 ಮೆಗಾಬಿಟ್ ಬರುತ್ತಿದೆ ಅಂದುಕೊಳ್ಳಿ. ರೇಂಜ್ ಒಂದು ಕಡ್ಡಿಗೆ ಇಳಿದಾಗ ಅಷ್ಟು ಬಂದರೂ ಪುಣ್ಯ. ಆಗ 14 ಎಂಬಿ ಇಳಿಯಲು 112 ಸೆಕೆಂಡು, ಹತ್ತಿರಹತ್ತಿರ ಎರಡು ನಿಮಿಷ ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಮೊಬೈಲಿನಲ್ಲಿ ಪುಟ ತೆರೆಯಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ 53% ಭೇಟಿಗಳು ಅಲ್ಲಿಗೇ ಮುಗಿಯುತ್ತವೆ ಎಂದು ಗೂಗಲ್ 2016ರಲ್ಲೇ ಹೇಳಿತ್ತು. ಅಂದರೆ ಅಂಗಡಿ ಬಾಗಿಲಿಗೆ ಬಂದ ಇಬ್ಬರಲ್ಲಿ ಒಬ್ಬ ಒಳಗೆ ಕಾಲಿಡದೆ ವಾಪಸ್ ಹೋದ ಹಾಗೆ.

ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಅಗಲ ಸುಮಾರು 4,000 ಪಿಕ್ಸೆಲ್. ಕಡಿಮೆ ಬೆಲೆಯ ಬಹಳಷ್ಟು ಫೋನುಗಳ ಪರದೆಯ ಅಗಲ 720 ಪಿಕ್ಸೆಲ್. ಉಳಿದದ್ದೆಲ್ಲ ನೋಡುವವನ ಡೇಟಾ ತಿನ್ನುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಅದೇ ಫೋಟೋವನ್ನು 800 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ರೂಪದಲ್ಲಿ ಇಟ್ಟರೆ 100 ಕೆಬಿ ಆಸುಪಾಸಿಗೆ ಬರುತ್ತದೆ. ಅನಾನಸಿನ ಬಣ್ಣವೇನೂ ಮಾಸುವುದಿಲ್ಲ.

ಅಕ್ಷರದ ತೂಕ ಇನ್ನೂ ಕಡಿಮೆ. ಕನ್ನಡದ ಒಂದು ಅಕ್ಷರ ಚಿಹ್ನೆಗೆ ವೆಬ್‌ಪುಟದಲ್ಲಿ 3 ಬೈಟ್ ಬೇಕು. 500 ಪದಗಳ ಬರಹ ಸುಮಾರು 12 ಕೆಬಿ. ಅಂದರೆ ಫೋನಿನಿಂದ ನೇರವಾಗಿ ಏರಿಸಿದ ಒಂದು ಫೋಟೋದ ತೂಕದಲ್ಲಿ ಒಂದು ದಪ್ಪ ಕಾದಂಬರಿಯನ್ನೇ ಇಡಬಹುದು. ಬೆಲೆ, ಊರು, ನಂಬರ್, ಎರಡು ಹಗುರ ಫೋಟೋ ಇರುವ ಪುಟ 200 ಕೆಬಿಯೊಳಗೆ ಮುಗಿಯುತ್ತದೆ. ಅದೇ ಅರೆಬರೆ ರೇಂಜಿನಲ್ಲಿ ಎರಡು ಸೆಕೆಂಡಿನೊಳಗೆ ತೆರೆಯುತ್ತದೆ.

ಇದು ಬಡವರ ಉಪಾಯ ಎಂದು ಯಾರಾದರೂ ಮೂಗು ಮುರಿದರೆ ಒಂದು ಉದಾಹರಣೆ ಹೇಳಿ. 2017ರಲ್ಲಿ ಇರ್ಮಾ ಚಂಡಮಾರುತ ಅಮೆರಿಕದ ಫ್ಲೋರಿಡಾಕ್ಕೆ ಬಂದಾಗ ಸಿಎನ್‌ಎನ್, ಎನ್‌ಪಿಆರ್‌ನಂಥ ದೊಡ್ಡ ಸುದ್ದಿಸಂಸ್ಥೆಗಳೇ ಜನರಿಗೆ ಬರೀ ಅಕ್ಷರದ ಪುಟ ಕೊಟ್ಟವು. ಕರೆಂಟಿಲ್ಲ, ಟವರಿಲ್ಲ, ಫೋನಿನ ಚಾರ್ಜ್ ಮುಗಿಯುತ್ತಿದೆ, ಅಂಥ ಹೊತ್ತಿನಲ್ಲಿ ಹಗುರ ಪುಟವೇ ತಲುಪುವುದು. ಅವರಿಗೆ ಅಪರೂಪಕ್ಕೆ ಬರುವ ಆ ಸ್ಥಿತಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಆಷಾಢ ಪೂರ್ತಿ ಇರುತ್ತದೆ. ಮರ ಬಿದ್ದು ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮಲಗುತ್ತದೆ. 2020ರ ಲಾಕ್‌ಡೌನಿನಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಪುಸ್ತಕ ಹಿಡಿದು ಗುಡ್ಡ ಹತ್ತಿದ್ದನ್ನು ನಾವು ಯಾರೂ ಮರೆತಿಲ್ಲ.

ಚಿತ್ರದೊಳಗೆ ಸಿಕ್ಕಿಬಿದ್ದ ಕನ್ನಡ

ಎರಡನೆಯ ತಕರಾರು ಅಕ್ಷರದ್ದು. ನಮ್ಮ ಕಡೆ ವ್ಯಾಪಾರದ ಪುಟಗಳಲ್ಲಿ ಕನ್ನಡ ಇದ್ದರೂ ಅದು ಚಿತ್ರವಾಗಿ ಇರುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಮಾಡಿಸಿದ ಡಿಸೈನನ್ನೇ ತಂದು ಪುಟಕ್ಕೆ ಅಂಟಿಸುತ್ತಾರೆ. ನೋಡುವ ಕಣ್ಣಿಗೆ ಅಕ್ಷರ, ಫೋನಿಗೆ ಬರೀ ಬಣ್ಣದ ಚುಕ್ಕೆಗಳು.

ಇದರಿಂದ ಆಗುವ ನಷ್ಟ ಏನು? ಯಾರಾದರೂ ಗೂಗಲ್‌ನಲ್ಲಿ ‘ಬನವಾಸಿ ಅನಾನಸ್’ ಎಂದೋ ‘ಹಲಸಿನ ಹಪ್ಪಳ ಶಿರಸಿ’ ಎಂದೋ ಹುಡುಕಿದಾಗ ಆ ಪುಟ ಸಿಗುವುದು ಕಷ್ಟ. ಬೆಂಗಳೂರಿನಲ್ಲಿರುವ ಕನ್ನಡ ಬಾರದ ಗಿರಾಕಿ ಅದನ್ನು ಇಂಗ್ಲಿಷಿಗೋ ಹಿಂದಿಗೋ ಸುಲಭವಾಗಿ ಅನುವಾದ ಮಾಡಿ ಓದಲಾರ. ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಳ್ಳಲು ಹೋದರೆ ಮಸುಕಾಗುತ್ತದೆ. ಬೆಲೆ ಬದಲಾದಾಗ ಮತ್ತೆ ಫ್ಲೆಕ್ಸ್ ಅಂಗಡಿಗೆ ಓಡಬೇಕು, ಹಾಗಾಗಿ ಹಳೆಯ ಬೆಲೆಯೇ ಎರಡು ವರ್ಷ ನೇತಾಡುತ್ತದೆ.

ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ‘ನುಡಿ’, ‘ಬರಹ’ದಂಥ ತಂತ್ರಾಂಶಗಳು ಕನ್ನಡವನ್ನು ನಮ್ಮ ಡಿಟಿಪಿ ಅಂಗಡಿಗಳ ತನಕ ತಂದವು. ಆದರೆ ಹಳೆಯ ಫಾಂಟ್ ಕ್ರಮದಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಈಗ ಆ ತಂತ್ರಾಂಶಗಳಲ್ಲೂ ಯೂನಿಕೋಡ್ ಇದೆ, ನಮ್ಮ ಫೋನಿನ ಕೀಬೋರ್ಡ್ ಬರೆಯುವುದೂ ಯೂನಿಕೋಡಿನಲ್ಲೇ. ನೀವು ವಾಟ್ಸ್‌ಆಪ್‌ನಲ್ಲಿ ಬರೆಯುವ ಕನ್ನಡವನ್ನೇ ವೆಬ್‌ಸೈಟಿಗೆ ಹಾಕಿಸಿದರೆ ಸಾಕು. ವಿಶೇಷ ಫಾಂಟ್ ಇಳಿಸುವುದೂ ಬೇಡ, ಫೋನಿನಲ್ಲಿ ಇರುವ ಕನ್ನಡ ಅಕ್ಷರವೇ ಚಂದ ಕಾಣುತ್ತದೆ, ತೂಕವೂ ಉಳಿಯುತ್ತದೆ.

ಕಣ್ಣು ಕಾಣದವರೂ ಗಿರಾಕಿಗಳೇ

ಮೂರನೆಯದು ನಾವು ಸುಲಭವಾಗಿ ಮರೆಯುವ ವಿಷಯ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ. ಅವರಲ್ಲಿ 50 ಲಕ್ಷ ಮಂದಿಗೆ ದೃಷ್ಟಿಯ ತೊಂದರೆ. ಇವರಲ್ಲಿ ಫೋನ್ ಬಳಸುವವರು ಅನೇಕರು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಇದೆ. ಬೆರಳು ಇಟ್ಟ ಕಡೆ ಏನಿದೆ ಎಂದು ಅದು ಓದಿ ಹೇಳುತ್ತದೆ, ಕನ್ನಡದಲ್ಲೂ ಓದುತ್ತದೆ.

ಆದರೆ ಓದಲು ಅಲ್ಲಿ ಅಕ್ಷರ ಇರಬೇಕಲ್ಲ? ಬೆಲೆಪಟ್ಟಿಯೇ ಚಿತ್ರವಾಗಿದ್ದರೆ ಟಾಕ್‌ಬ್ಯಾಕ್ ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಇದಕ್ಕೆ ಪರಿಹಾರ ಖರ್ಚಿಲ್ಲದ್ದು. ಪ್ರತಿ ಫೋಟೋದ ಹಿಂದೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆದಿಡಬಹುದು: ‘ಬಾಳೆ ಎಲೆಯ ಮೇಲೆ ಇಟ್ಟ ಸುಕೇಳಿ, ಅರ್ಧ ಕೆಜಿ ಪೊಟ್ಟಣ’ ಎಂಬಂತೆ. ನೋಡುವವರಿಗೆ ಅದು ಕಾಣುವುದಿಲ್ಲ, ಕೇಳುವವರಿಗೆ ಕೇಳಿಸುತ್ತದೆ. ಫೋಟೋ ಇಳಿಯದೇ ಹೋದಾಗ ನಮ್ಮ ಪರದೆಯ ಮೇಲೂ ಆ ಸಾಲೇ ಕಾಣುತ್ತದೆ. ಪುಟದ ಭಾಷೆ ಕನ್ನಡ ಎಂದು ಒಳಗೆ ಒಂದು ಸೂಚನೆ ಹಾಕಿದರೆ ಓದುವ ತಂತ್ರಾಂಶಕ್ಕೆ ಕನ್ನಡದ ದನಿಯನ್ನೇ ಆರಿಸಿಕೊಳ್ಳಲು ಸುಲಭ. ಇವೆರಡೂ ವೆಬ್‌ಸೈಟ್ ಮಾಡುವವರಿಗೆ ಕೆಲವೇ ನಿಮಿಷದ ಕೆಲಸ.

ಎಲ್ಲರಿಗೂ ಎಟುಕುವ ವೆಬ್‌ಪುಟ ಹೇಗಿರಬೇಕು ಎಂಬುದಕ್ಕೆ ಜಗತ್ತಿನಾದ್ಯಂತ ಒಪ್ಪಿದ ನಿಯಮಗಳಿವೆ. ಮೊದಲ ಆವೃತ್ತಿ ಬಂದದ್ದು 1999ರಲ್ಲಿ, ಈಗಿನ 2.2 ಆವೃತ್ತಿ 2023ರ ಅಕ್ಟೋಬರಿನಲ್ಲಿ. ಅದರಲ್ಲಿ ನಮಗೆ ಕೂಡಲೇ ಉಪಯೋಗವಾಗುವ ಎರಡು ಮಾತುಗಳಿವೆ. ಒಂದು, ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಅಂತರ ಇರಬೇಕು. ಬಿಳಿಯ ಮೇಲೆ ತಿಳಿಬೂದು, ಹಸಿರಿನ ಮೇಲೆ ಹಳದಿ ಹಾಕಿದರೆ ಎಸಿ ರೂಮಿನಲ್ಲಿ ಕಂಡೀತು, ಗದ್ದೆ ಬದುವಿನ ಬಿಸಿಲಿನಲ್ಲಿ ಯಾರಿಗೂ ಕಾಣದು. ಎರಡು, ಒತ್ತುವ ಜಾಗ ತೀರಾ ಸಣ್ಣದಿರಬಾರದು, ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಅಡಿಕೆ ಸುಲಿದ ಕೈ, ಸೊನೆ ಹಿಡಿದ ಬೆರಳಿಗೆ ಅದರ ದುಪ್ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಅಂಗವಿಕಲರಿಗೆಂದು ಮಾಡಿದ ಅನುಕೂಲ ಹೀಗೆ ನಮ್ಮೆಲ್ಲರಿಗೂ ಬರುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ತೀರ್ಪು ಕೊಟ್ಟಿತು. ಆಸಿಡ್ ದಾಳಿಗೆ ಒಳಗಾದವರು ಮತ್ತು ಕಣ್ಣು ಕಾಣದವರೊಬ್ಬರು ಕೆವೈಸಿ ಮಾಡಿಸಲು ಪಟ್ಟ ಕಷ್ಟದಿಂದ ಆ ಪ್ರಕರಣ ಹುಟ್ಟಿತ್ತು. ಹಪ್ಪಳ ಮಾರುವ ಗುಂಪಿನ ಮೇಲೆ ನಾಳೆ ಕೇಸು ಬೀಳುತ್ತದೆ ಎಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಂಗಡಿ ಮೆಟ್ಟಿಲು ಹತ್ತಲಾಗದವರಿಗೆ ನಾವೇ ಇಳಿದು ಬಂದು ಸಾಮಾನು ಕೊಡುತ್ತೇವಲ್ಲ, ಫೋನಿನಲ್ಲೂ ಅಷ್ಟು ಮಾಡೋಣ ಎಂದು ಹೇಳುತ್ತಿದ್ದೇವೆ.

ಕೆಲಸಕ್ಕೆ ಬರುವ ಪುಟಕ್ಕೆ ಮಾದರಿ ನಮ್ಮಲ್ಲೇ ಇದೆ

ಬೇಗ ತೆರೆಯಿತು, ಓದಲು ಬಂತು. ಆಮೇಲೆ? ಓದಿದವನು ಫೋನ್ ಮಾಡಬೇಕು, ಸಾಮಾನು ತರಿಸಬೇಕು. ಇದಕ್ಕೆ ಮಾದರಿ ಹುಡುಕಿಕೊಂಡು ನಾವು ಬೇರೆ ದೇಶಕ್ಕೆ ಹೋಗಬೇಕಿಲ್ಲ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯನ್ನು ನೋಡಿ. ಶ್ರೀ ಪಡ್ರೆಯವರು ಕಟ್ಟಿ ಬೆಳೆಸಿದ, ರೈತರೇ ರೈತರಿಗಾಗಿ ಬರೆಯುವ ಪತ್ರಿಕೆ ಅದು. ಅಲ್ಲಿ ಒಬ್ಬ ಕೃಷಿಕರ ಬಗ್ಗೆ ಲೇಖನ ಬಂದರೆ ಕೊನೆಯಲ್ಲಿ ಅವರ ಊರು, ಫೋನ್ ನಂಬರ್ ಇರುತ್ತದೆ, ಎಷ್ಟೋ ಸಲ ‘ಸಂಜೆ 7ರಿಂದ 8ರ ಒಳಗೆ’ ಎಂದು ಫೋನ್ ಮಾಡಬೇಕಾದ ಹೊತ್ತೂ ಇರುತ್ತದೆ. ಓದಿದವರು ನೇರವಾಗಿ ಫೋನ್ ಮಾಡಿ ಗಿಡ ತರಿಸಿಕೊಳ್ಳುತ್ತಾರೆ, ಮಾತಾಡಿ ಸಂಶಯ ಬಗೆಹರಿಸಿಕೊಳ್ಳುತ್ತಾರೆ. ಗ್ರಾಮೀಣ ಪತ್ರಿಕೋದ್ಯಮ ಕಲಿಯುವಾಗ ನಮಗೆ ಸಿಕ್ಕಿದ ದೊಡ್ಡ ಪಾಠ ಆ ಕೊನೆಯ ಎರಡು ಸಾಲು.

ವ್ಯಾಪಾರದ ಪುಟಕ್ಕೂ ಅದೇ ಕ್ರಮ ಸಾಕು. ಮೊದಲ ಪರದೆಯಲ್ಲೇ ಏನು ಮಾರುತ್ತೀರಿ, ಎಲ್ಲಿ, ಯಾವ ಬೆಲೆ, ಯಾವ ನಂಬರ್ ಎಂಬ ನಾಲ್ಕು ವಿಷಯ ಇರಬೇಕು. ನಂಬರ್ ಒತ್ತಿದರೆ ಫೋನ್ ಹೋಗಬೇಕು, ಪಕ್ಕದಲ್ಲೇ ವಾಟ್ಸ್‌ಆಪ್ ತೆರೆಯುವ ಗುಂಡಿ ಇರಬೇಕು. ಆಮೇಲೆ ಯಾವ ತಿಂಗಳಲ್ಲಿ ಏನು ಸಿಗುತ್ತದೆ, ಕನಿಷ್ಠ ಎಷ್ಟು ತೆಗೆದುಕೊಳ್ಳಬೇಕು, ಪಾರ್ಸೆಲ್ ಹೇಗೆ ಕಳಿಸುತ್ತೀರಿ, ದುಡ್ಡು ಹೇಗೆ ಕೊಡಬೇಕು ಎಂದು ಬರೆಯಿರಿ. ತಿನ್ನುವ ಸಾಮಾನಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಹಾಕಿ. ಬೆಲೆ ದಿನಾ ಬದಲಾಗುವುದಾದರೆ ‘ಇಂದಿನ ದರಕ್ಕೆ ಫೋನ್ ಮಾಡಿ’ ಎಂದಾದರೂ ಬರೆಯಿರಿ, ತಾರೀಕು ಹಾಕಿ.

ಊರಿನ ಹೆಸರನ್ನು ಪೂರ್ತಿ ಬರೆಯಿರಿ. ಕೊಪ್ಪ ಎಂದು ಮುಗಿಯುವ ಊರುಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ‘ದಾಸನಕೊಪ್ಪ, ಶಿರಸಿ ತಾಲೂಕು, ಉತ್ತರ ಕನ್ನಡ’ ಎಂದು ಪಿನ್‌ಕೋಡ್ ಸಮೇತ ಇದ್ದರೆ ಗಿರಾಕಿಗೂ ತಿಳಿಯುತ್ತದೆ, ಹುಡುಕುವ ಯಂತ್ರಕ್ಕೂ ತಿಳಿಯುತ್ತದೆ. ಹೋಂ ಸ್ಟೇ ಇದ್ದವರಂತೂ ಬಸ್ಸು ಎಲ್ಲಿ ಇಳಿಯಬೇಕು, ಅಲ್ಲಿಂದ ಎಷ್ಟು ದೂರ, ಮಳೆಗಾಲದಲ್ಲಿ ಕಾರು ಬರುತ್ತದೋ ಇಲ್ಲವೋ ಎಂದು ಬರೆದುಬಿಟ್ಟರೆ ದಿನಕ್ಕೆ ಹತ್ತು ಫೋನ್ ಉಳಿಯುತ್ತದೆ.

‘ವಾಟ್ಸ್‌ಆಪ್ ಇದೆಯಲ್ಲ, ಇದೆಲ್ಲ ಯಾಕೆ?’

ಈ ಪ್ರಶ್ನೆಯನ್ನು ನಮಗೆ ಬಹಳ ಜನ ಕೇಳಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಪರಿಚಯದ ಗಿರಾಕಿಗೆ ವಾಟ್ಸ್‌ಆಪ್ ಸಾಕು. ಪರಿಚಯ ಇಲ್ಲದವನು ನಿಮ್ಮ ನಂಬರ್ ಎಲ್ಲಿ ಹುಡುಕುತ್ತಾನೆ? ಗುಂಪಿಗೆ ಹಾಕಿದ ಮೆಸೇಜು ಸಂಜೆಯೊಳಗೆ ಗುಡ್ ನೈಟ್ ಫೋಟೋಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಫೇಸ್‌ಬುಕ್ ಪೋಸ್ಟ್ ಯಾರಿಗೆ ಕಾಣಬೇಕೆಂದು ಆ ಕಂಪನಿ ತೀರ್ಮಾನಿಸುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಸುಮಾರು ಆರು ತಾಸು ನಿಂತಿದ್ದು ನೆನಪಿರಬಹುದು. ಆ ಹೊತ್ತಿನಲ್ಲಿ ಬರೀ ಅವುಗಳನ್ನೇ ನಂಬಿದವರ ಅಂಗಡಿ ಜಗತ್ತಿನೆಲ್ಲೆಡೆ ಮುಚ್ಚಿತ್ತು.

ಸ್ವಂತ ವಿಳಾಸದ ಪುಟ ಬಾಡಿಗೆ ಜಾಗದ ಬದಲು ಸ್ವಂತ ಜಗಲಿ ಇದ್ದಂತೆ. ವಾಟ್ಸ್‌ಆಪ್‌ನಲ್ಲಿ ಹಂಚಿ, ಗೂಗಲ್ ಮ್ಯಾಪಿನಲ್ಲಿ ಪುಕ್ಕಟೆ ಸಿಗುವ ವ್ಯಾಪಾರದ ವಿವರವನ್ನೂ ತುಂಬಿ, ಆದರೆ ಎಲ್ಲ ದಾರಿಯೂ ಬಂದು ಸೇರುವ ಜಾಗ ನಿಮ್ಮ ಹೆಸರಿನಲ್ಲಿರಲಿ.

ಹಾಗೆಂದು ಎಲ್ಲರೂ ವೆಬ್‌ಸೈಟ್ ಮಾಡಿಸಲೇಬೇಕು ಎಂದು ನಾವು ಹೇಳುವುದಿಲ್ಲ. ಅಡಿಕೆ ಬೆಳೆದು ಸೊಸೈಟಿ ಯಾರ್ಡಿಗೆ ಹಾಕಿ ಟೆಂಡರಿನಲ್ಲಿ ಮಾರುವವರಿಗೆ ಅದರ ಅಗತ್ಯ ಇಲ್ಲ. ಶಿರಸಿಯ ಟಿಎಸ್‌ಎಸ್ 1923ರಿಂದ ಆ ಕೆಲಸಕ್ಕೇ ಇದೆ. ಗೋವಿನಜೋಳ, ಭತ್ತ ಬೆಳೆದು ಒಮ್ಮೆಗೇ ಮಾರಿ ಮುಗಿಸುವವರಿಗೂ ಬೇಡ. ಬೇಕಾಗಿರುವುದು ನೇರವಾಗಿ ಗಿರಾಕಿಯನ್ನು ಹುಡುಕಬೇಕಾದವರಿಗೆ: ಹಪ್ಪಳ, ಸುಕೇಳಿ, ತೊಡದೇವು, ಮುರುಗಲು ಸಿಪ್ಪೆ, ಜೇನು, ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವವರಿಗೆ, ನರ್ಸರಿಯವರಿಗೆ, ಹೋಂ ಸ್ಟೇಯವರಿಗೆ, ಬನವಾಸಿ, ದಾಸನಕೊಪ್ಪ ಕಡೆಯ ಅನಾನಸ್ ಗುಂಪುಗಳಿಗೆ. ಇವರ ಸಾಮಾನಿಗೆ ಹೊರಗೆ ಹೆಸರಿದೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದ ಮೇಲೆ ಶಿರಸಿ ಎಂಬ ಹೆಸರಿಗೆ ಬೆಲೆ ಹೆಚ್ಚಿದೆ. ಆ ಹೆಸರು ಹಿಡಿದು ಹುಡುಕಿಕೊಂಡು ಬಂದವನಿಗೆ ಸಿಗುವುದು ನಮ್ಮ ಪುಟವೋ, ದೂರದ ಮಾರಾಟಗಾರನ ಪುಟವೋ ಎಂಬುದು ಪ್ರಶ್ನೆ.

ದುಡ್ಡು ಕೊಡುವ ಮೊದಲು ಕೇಳಿ

ವೆಬ್‌ಸೈಟ್ ಮಾಡುವ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಕೇಳುವವರು ‘ಗ್ರ್ಯಾಂಡ್ ಆಗಿ ಇರಲಿ’ ಎನ್ನುತ್ತಾರೆ, ಅವರು ಜಾರುವ ಫೋಟೋ ಹಾಕಿ ಕೊಡುತ್ತಾರೆ. ತೋರಿಸುವುದೂ ಆಫೀಸಿನ ವೈಫೈಯಲ್ಲಿ, ದೊಡ್ಡ ಪರದೆಯ ಮೇಲೆ. ಅಲ್ಲಿ ಎಲ್ಲವೂ ಚಂದವೇ. ಆದ್ದರಿಂದ ನಾವು ಕೇಳುವ ಮಾತು ಬದಲಾಗಬೇಕು. ದುಡ್ಡು ಕೊಡುವ ಮೊದಲು ಇಷ್ಟನ್ನು ಕೇಳಿ:

1. ವಿಳಾಸ ಯಾರ ಹೆಸರಿನಲ್ಲಿ ನೋಂದಣಿ ಆಗುತ್ತದೆ? ಅದು ನಿಮ್ಮ ಅಥವಾ ಗುಂಪಿನ ಹೆಸರಿನಲ್ಲೇ ಇರಬೇಕು. ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ನವೀಕರಿಸುವ ತಾರೀಕು, ಪಾಸ್‌ವರ್ಡ್ ನಿಮ್ಮ ಪುಸ್ತಕದಲ್ಲಿರಲಿ.

2. ಪುಟದ ತೂಕ ಎಷ್ಟು? 500 ಕೆಬಿ ದಾಟಿದರೆ ಯಾಕೆ ಎಂದು ಕೇಳಿ.

3. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಪರೀಕ್ಷೆಯಲ್ಲಿ ಮೊಬೈಲಿಗೆ ಏನು ಬಂತು? ಇದು ಪುಕ್ಕಟೆ, ಯಾರೂ ಮಾಡಬಹುದು. ಅಲ್ಲಿ ನೋಡಬೇಕಾದದ್ದು ಮೂರು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ ಸೆಕೆಂಡಿನ ಐದನೇ ಒಂದು ಭಾಗದೊಳಗೆ ಪುಟ ಓಗೊಡಬೇಕು. ಓದುವಾಗ ಪುಟ ಮೇಲೆ ಕೆಳಗೆ ಜಿಗಿಯಬಾರದು. ‘ಫೋನ್ ಮಾಡಿ’ ಒತ್ತಲು ಹೋಗಿ ಇನ್ನೇನೋ ಒತ್ತಿ ಹೋಗುವುದು ಈ ಜಿಗಿತದಿಂದಲೇ.

4. ಕನ್ನಡ ಯೂನಿಕೋಡಿನಲ್ಲಿದೆಯಾ? ಒಂದು ಸಾಲು ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸ್‌ಆಪ್‌ಗೆ ಅಂಟಿಸಿ ನೋಡಿ. ಅಕ್ಷರ ಸರಿಯಾಗಿ ಬಂದರೆ ಪಾಸ್.

5. ಪ್ರತಿ ಫೋಟೋಗೂ ಓದಿ ಹೇಳುವ ಸಾಲು ಇದೆಯಾ? ಟಾಕ್‌ಬ್ಯಾಕ್ ಆನ್ ಮಾಡಿ ಕಣ್ಣು ಮುಚ್ಚಿ ನಂಬರ್ ಹುಡುಕಿ. ಆಗ ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆಫ್ ಮಾಡುವುದು ಹೇಗೆಂದು ಮೊದಲೇ ನೋಡಿಟ್ಟುಕೊಳ್ಳಿ.

6. ಬೆಲೆಯನ್ನು ನಾವೇ ಫೋನಿನಿಂದ ಬದಲಾಯಿಸಬಹುದಾ? ಆಗದಿದ್ದರೆ ಪ್ರತಿ ಸಲ ಎಷ್ಟು ದಿನ, ಎಷ್ಟು ದುಡ್ಡು?

ಇಷ್ಟಕ್ಕೆ ದೊಡ್ಡ ಖರ್ಚೂ ಬೇಡ. ಸರಳ ಒಂದು ಪುಟವನ್ನು ಇಡಲು ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್‌ನಂಥ ಕಡೆ ಪುಕ್ಕಟೆ ಜಾಗ ಸಿಗುತ್ತದೆ. ಊರಿನಲ್ಲಿ ಡಿಪ್ಲೊಮಾ, ಬಿಸಿಎ ಓದುವ ಮಕ್ಕಳಿದ್ದರೆ ಅವರು ಕಲಿಯುವ ಮೊದಲ ಪಾಠಗಳಲ್ಲೇ ಇಂಥ ಪುಟ ಮಾಡಲು ಬರುತ್ತದೆ. ಅವರಿಗೆ ಕೆಲಸ ಕೊಡಿ, ಕೆಲಸಕ್ಕೆ ತಕ್ಕ ದುಡ್ಡನ್ನೂ ಕೊಡಿ.

ಒಬ್ಬೊಬ್ಬರಿಂದ ಆಗದ ಕೆಲಸ

ಇಷ್ಟಾದರೂ ಹತ್ತು ಹೆಂಗಸರ ಹಪ್ಪಳದ ಗುಂಪು ವಿಳಾಸ ನವೀಕರಿಸಿ, ಫೋಟೋ ತೂಕ ನೋಡಿಕೊಂಡು ಕೂರಬೇಕು ಎನ್ನುವುದು ನ್ಯಾಯವಲ್ಲ. ಅವರ ಕೆಲಸ ಹಪ್ಪಳ. ಇಲ್ಲಿ ನಮ್ಮ ಸೊಸೈಟಿಗಳು ಮುಂದೆ ಬರಬೇಕು ಎಂಬುದು ನಮ್ಮ ಒತ್ತಾಯ. ರೈತ ಒಬ್ಬನೇ ವ್ಯಾಪಾರಿಯ ಎದುರು ನಿಲ್ಲಲಾರ ಎಂದೇ ನೂರು ವರ್ಷದ ಹಿಂದೆ ಈ ಸೀಮೆಯವರು ಸಹಕಾರಿ ಸಂಘ ಕಟ್ಟಿದರು. ತೂಕದ ಕಟ್ಟೆ, ಗೋದಾಮು, ಟೆಂಡರು ಎಲ್ಲ ಹಂಚಿಕೊಂಡಿದ್ದೇವೆ. ವೆಬ್ ವಿಳಾಸವೂ ಅದೇ ಜಾತಿಯ ವಸ್ತು. ಒಂದು ಸಂಘ ಒಂದು ವಿಳಾಸ ತೆಗೆದುಕೊಂಡು ಪ್ರತಿ ಸದಸ್ಯ ಗುಂಪಿಗೂ ಒಂದು ಹಗುರ ಕನ್ನಡ ಪುಟ ಕೊಡಬಹುದು. ವಾರಕ್ಕೊಮ್ಮೆ ಬೆಲೆ ತಿದ್ದಲು ಕಚೇರಿಯಲ್ಲಿ ಒಬ್ಬರು ಇದ್ದರೆ ಸಾಕು.

ಗ್ರಾಮ ಪಂಚಾಯ್ತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅನೇಕ ಕಡೆ ಕಂಪ್ಯೂಟರೂ ಬಂದಿದೆ. ಸಂಜೀವಿನಿ ಗುಂಪಿನ ಅಕ್ಕಂದಿರಿಗೆ ಅಲ್ಲೇ ಒಂದು ಮಧ್ಯಾಹ್ನ ಫೋಟೋ ಹಗುರ ಮಾಡುವುದು, ಒಂದು ಸಾಲಿನ ವಿವರ ಬರೆಯುವುದು ಕಲಿಸಬಹುದು. ಕರೆದರೆ ನಾವೂ ಬರುತ್ತೇವೆ.

ಅನಾನಸ್ ಗುಂಪಿನ ಕತೆ ಏನಾಯಿತು ಎಂದು ನೀವು ಕೇಳಬಹುದು. ಹಳೆಯ ವೆಬ್‌ಸೈಟ್ ಅವರು ತೆಗೆಸಿದರು. ನಾವು ಜೊತೆಗೆ ಕೂತು ಒಂದೇ ಪುಟ ಮಾಡಿದೆವು: ಎರಡು ಫೋಟೋ, ಹಣ್ಣು ಸಿಗುವ ತಿಂಗಳು, ಲೋಡಿಗೆ ಎಷ್ಟು, ಬಿಡಿಯಾಗಿ ಎಷ್ಟು, ಇಬ್ಬರ ನಂಬರ್, ಫೋನ್ ಮಾಡುವ ಹೊತ್ತು. ಒಟ್ಟು 180 ಕೆಬಿ. ವ್ಯಾಪಾರ ಎಷ್ಟು ಹೆಚ್ಚಿತು ಎಂದು ಈಗಲೇ ದೊಡ್ಡ ಮಾತು ಆಡುವುದಿಲ್ಲ. ಒಂದು ಹಂಗಾಮು ಪೂರ್ತಿ ನೋಡಬೇಕು. ಹಳೆಯ ವ್ಯಾಪಾರಿಗಳು ಈಗಲೂ ಬರುತ್ತಾರೆ, ಬರಲಿ. ಬೇರೆಯವರೂ ಫೋನ್ ಮಾಡುತ್ತಾರೆ ಎಂಬುದು ಅವರಿಗೆ ಗೊತ್ತಿದ್ದರೆ ರೇಟು ಹೇಳುವ ದನಿ ಸ್ವಲ್ಪ ಬದಲಾದೀತು ಎಂಬ ಆಸೆ ಗುಂಪಿನವರಿಗಿದೆ.

ಪುಟ ಮುಗಿದ ದಿನ ಗುಂಪಿನ ಹಿರಿಯರು ಅದನ್ನು ಮನೆಯಲ್ಲಿ ನೋಡಲು ಒಪ್ಪಲಿಲ್ಲ. ‘ಅಲ್ಲೇ ಹೋಗಿ ನೋಡ್ವ’ ಎಂದರು. ದಾಸನಕೊಪ್ಪದ ಬಸ್ ಸ್ಟ್ಯಾಂಡಿಗೇ ಹೋದೆವು. ಅವರ ಹಳೆಯ ಫೋನಿನಲ್ಲಿ ಲಿಂಕ್ ಒತ್ತಿದೆವು, ಪುಟ ತೆರೆಯಿತು. ಅವರು ನಂಬರಿನ ಮೇಲೆ ಬೆರಳಿಟ್ಟರು. ಪಕ್ಕದಲ್ಲಿ ನಿಂತಿದ್ದ ಅವರ ತಮ್ಮನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

ನಿಮ್ಮ ವೆಬ್‌ಸೈಟನ್ನೂ ಒಮ್ಮೆ ಹೀಗೆ ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ತೆರೆದು ನೋಡಿ. ಬಾಕಿ ದುಡ್ಡನ್ನು ಆಮೇಲೆ ಕೊಡಿ.